ದಪ್ಪ ಪಿನ್ನಿನ ಕೀಬೋರ್ಡ್

ಗೆಳೆಯರೇ, ಚೆನ್ನಾಗಿ ನಡೆಯುವ ಕಂಪ್ಯೂಟರನ್ನು ಒಂದು ಕೀಬೋರ್ಡ್ ಸಿಗದ ಕಾರಣಕ್ಕೆ ಗುಜರಿಗೆ ಹಾಕಿ ಎನ್ನುವುದು ಅನ್ಯಾಯ. ಇವತ್ತು ದಾವಣಗೆರೆಯ ಮೂರು ಅಂಗಡಿಗಳಲ್ಲಿ ನನಗೆ ಇದನ್ನೇ ಹೇಳಿದರು. ನಮ್ಮ ಕರಪತ್ರಗಳನ್ನೆಲ್ಲ ಟೈಪ್ ಮಾಡಿದ ಹಳೆಯ ಯಂತ್ರಕ್ಕೆ ದಪ್ಪ, ದುಂಡನೆಯ ಪಿನ್ನಿನ ಕೀಬೋರ್ಡೇ ಆಗಬೇಕು. ಈಗ ಬರುವುದೆಲ್ಲ ಸಣ್ಣ ಪಿನ್ನಿನದು.

ನಾಲ್ಕನೆಯ ಅಂಗಡಿಯ ಯಜಮಾನರು ಅಟ್ಟದಿಂದ ಒಂದನ್ನು ಇಳಿಸಿ ಧೂಳು ಒರೆಸಿದರು. ದಪ್ಪ ಪಿನ್ನೇ. ನಾನು ಕೈ ಚಾಚಿದೆ.

"ತಡೀರಿ, ಇದು ಹರಿಹರದ ಹತ್ರ ಸಾರಥಿ ಐತಲ್ಲ, ಆ ಊರಿನ ಮೇಷ್ಟ್ರಿಗೆ ಎತ್ತಿಟ್ಟಿರೋದು. ಅವರ ಮಷೀನೂ ನಿಮ್ಮದರಷ್ಟೇ ಹಳೇದೈತೆ."

"ನಾವು ಜನರಿಗೋಸ್ಕರ ಕರಪತ್ರ ತರ್ತೀವ್ರಿ."

"ನಾವು ಅಂದ್ರ ಎಷ್ಟು ಜನ?"

ಕರಪತ್ರದ ಕೆಳಗೆ ಈಗಲೂ ನಮ್ಮ ನಾಲ್ವರ ಹೆಸರು ಹಾಕುತ್ತೇನೆ. ಯುಗಾದಿಯಿಂದೀಚೆಗೆ ನಿಮ್ಮಲ್ಲಿ ಒಬ್ಬರೂ ಸಭೆಗೆ ಬಂದಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಒಬ್ಬನೇ" ಎಂದೆ.

ಅವರು ನಗಲಿಲ್ಲ. "ಮೇಷ್ಟ್ರೂ ಒಬ್ರೇ. ಹುಡುಗ್ರಿಗೆ ಕಂಪ್ಯೂಟರ್ ಕಲಿಸ್ತೀನಿ ಅಂತಾರ, ಯಾರೂ ಹೋಗಲ್ಲ. ನೀವೇ ಅಲ್ಲಿಗೆ ಹೋಗಿ ಟೈಪ್ ಮಾಡ್ರಿ" ಎಂದು ಅಲ್ಲಿಂದಲೇ ಫೋನ್ ಹಚ್ಚಿಕೊಟ್ಟರು.

ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಎಷ್ಟು ಜನಕ್ಕೆ ಮಂಡಕ್ಕಿ ಹಚ್ಚಿಸ್ಲಿ?"

ನಾನು ನಾಲ್ಕು ಎಂದುಬಿಟ್ಟೆ.

ಅದಕ್ಕೇ ಇದನ್ನು ಕೈಯಲ್ಲಿ ಬರೆದು ಹರಿಹರದ ವಾಚನಾಲಯದ ಬೋರ್ಡಿಗೆ ಅಂಟಿಸುತ್ತಿದ್ದೇನೆ. ಕ್ರಾಂತಿಗೆ ಬರದಿದ್ದರೂ ಮಂಡಕ್ಕಿಗಾದರೂ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಾರಥಿ ಬಸ್ ನಿಲ್ದಾಣದಲ್ಲಿ.