ಅಪ್ಪನ ದನಿ ಮತ ಕೇಳಿದ್ದು

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಲೋಕಸಭೆ ಚುನಾವಣೆಯಲ್ಲಿ ಅವರೇ ನನಗೆ ಫೋನ್ ಮಾಡಿ ಮತ ಕೇಳಿದರು. ನಾನಾಗ ಉಳವಿಯಲ್ಲಿ, ಗಂಡನ ಮನೆಯಲ್ಲಿ, ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಗೊತ್ತಿಲ್ಲದ ನಂಬರು. ಒದ್ದೆ ಕೈಯಲ್ಲೇ ಎತ್ತಿದೆ. “ನಮಸ್ಕಾರ ಅಕ್ಕಾ, ಚೆನ್ನಾಗಿದೀರಾ? ಮನೇಲಿ ಎಲ್ಲಾ ಆರಾಮಾ?” ಅಪ್ಪನದೇ ದನಿ. ಹ್ಞೂಂ ಅಪ್ಪಾ ಎಂದುಬಿಟ್ಟೆ. ಅದು ನನ್ನ ಮಾತಿಗೆ ಕಾಯದೆ ಯಾವನೋ ಪಕ್ಷೇತರ ಅಭ್ಯರ್ಥಿಯ ಗುಣಗಾನ ಶುರು ಮಾಡಿತು. ಅಕ್ಕಿಯ ಪಾತ್ರೆ ಬದಿಗೆ ಸರಿಸಿ ಅಲ್ಲೇ ಕೂತೆ.

ಶಿಕಾರಿಪುರದಲ್ಲಿ ಆಟೊದೊಳಗೆ ಕೂತು ಮೈಕಿನಲ್ಲಿ ಕೂಗುವುದು ಅಪ್ಪನ ಕಸುಬಾಗಿತ್ತು. ನಾಳೆ ನಲ್ಲಿ ನೀರಿಲ್ಲ, ಯಾರದೋ ಎಮ್ಮೆ ಕಳೆದಿದೆ, ಸೀರೆಗಳ ಅಗ್ಗದ ಮಾರಾಟ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಬ್ಬರನ್ನು ಗೆಲ್ಲಿಸಿ ಎನ್ನುವರು, ಮಧ್ಯಾಹ್ನ ಅವರ ಎದುರಾಳಿಯನ್ನು. ಎರಡೂ ಸಲ ಜನ ನಂಬಬೇಕು, ಹಾಗೆ. ಮನೆಗೆ ಬರುವ ಹೊತ್ತಿಗೆ ಗಂಟಲು ಸೋತಿರುತ್ತಿತ್ತು. ಅಮ್ಮನನ್ನು ಕರೆಯುವಾಗ ಆ ಸೋತ ದನಿ ಪಕ್ಕದ ಕೋಣೆಗೂ ಮುಟ್ಟುತ್ತಿರಲಿಲ್ಲ. ಮೈಕಿನದು ಊರಿಗೆ, ಇದು ನನಗೆ ಎಂದು ಅಮ್ಮ ನಗುತ್ತಿದ್ದಳು. ಊರಿನ ದನಿ ಎಷ್ಟೋ ಪೆನ್‌ಡ್ರೈವ್‌ಗಳಲ್ಲಿ ಉಳಿದಿತ್ತು. ಅಮ್ಮನ ಪಾಲಿನದನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಅವರು ಹೋದ ಮೇಲೂ ಅದು ಕಿವಿಯಲ್ಲಿ ಹಾಗೇ ಇದೆ, ಅದರ ಬಲದಲ್ಲೇ ಒಬ್ಬಳೇ ಇದ್ದೇನೆ ಎನ್ನುತ್ತಿದ್ದಳು.

ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿದೆ. ಅಭ್ಯರ್ಥಿಯ ಮೊಬೈಲ್ ಪ್ರಚಾರ ನೋಡಿಕೊಳ್ಳುವವನು ಮನೆಗೆ ಬಂದು, ಅಪ್ಪನ ಹಳೇ ದನಿ ಬಳಸಿಕೊಳ್ಳಲೇ ಎಂದು ಕೇಳಿದ್ದನಂತೆ. ಊರು ಇನ್ನೊಮ್ಮೆ ಕೇಳಲಿ ಎಂದು ಅಮ್ಮ ಹೆಮ್ಮೆಯಿಂದಲೇ ಒಪ್ಪಿದ್ದಳು. ಆಟೊದಲ್ಲಿ ಹಾಕುತ್ತಾರೆ ಎಂದುಕೊಂಡಿದ್ದಳು, ಪಾಪ. ಅಪ್ಪ ಬದುಕಿದ್ದಾಗ ಆಡದ ಮಾತನ್ನೆಲ್ಲ ಕಂಪ್ಯೂಟರಿನಿಂದ ಆಡಿಸಿ ಮನೆಮನೆಗೆ ಕಳಿಸುತ್ತಾರೆಂದು ಯಾರು ತಾನೇ ಊಹಿಸಿಯಾರು? ಬಳ್ಳಿಗಾವಿಯ ನನ್ನ ಸೋದರತ್ತೆಗೂ ಕರೆ ಹೋಗಿತ್ತು. ಅವಳು, ಇದ್ದಾಗ ಒಂದು ದಿನವೂ ಅಕ್ಕಾ ಅನ್ನದವನಿಗೆ ಸತ್ತ ಮೇಲೆ ಬುದ್ಧಿ ಬಂತು ಎಂದು ನಕ್ಕು, ಆಮೇಲೆ ಅತ್ತಳು. ಅಭ್ಯರ್ಥಿಯ ಫೇಸ್‌ಬುಕ್ ಲೈವ್‌ನ ಕಾಮೆಂಟುಗಳಲ್ಲಿ ಅಪ್ಪನಿಗೆ ಕೈಮುಗಿದವರೇ ಹೆಚ್ಚು. ಆ ಮಹಾನುಭಾವ ಎಲ್ಲರಿಗೂ ಧನ್ಯವಾದ ಹೇಳಿದ.

ಅಮ್ಮನಿಗೂ ಕರೆ ಬಂತು. ಅವಳನ್ನೂ ಅಕ್ಕಾ ಎಂದಿತು. ಕೊನೆಯಲ್ಲಿ, ನಿಮ್ಮ ಕಷ್ಟಸುಖ ಅಭ್ಯರ್ಥಿಗೆ ತಿಳಿಸಲು ಒಂದನ್ನು ಒತ್ತಿ ಎಂದಾಗ ಅಮ್ಮ ಒತ್ತಿದಳು.

“ನಾನು ನಿಮ್ಮ ಅಕ್ಕ ಅಲ್ರೀ,” ಎಂದು ಹೇಳಿ ಇಟ್ಟಳು.

ಅದನ್ನು ಕೇಳಿದ ಪ್ರಚಾರದವನು ಓಡಿಬಂದ. ಅಷ್ಟರಲ್ಲಿ ನಾನೂ ಬಸ್ ಹಿಡಿದು ಬಂದಿದ್ದೆ. ನಾಲ್ಕು ಮಾತು ಜಾಡಿಸಬೇಕೆಂದಿದ್ದೆ. ಆದರೆ ಅವನು ಕೆಟ್ಟವನಲ್ಲ, ಅವನ ಕಣ್ಣಲ್ಲಿ ನೀರಿತ್ತು. ತಪ್ಪಾಯ್ತಮ್ಮ ಎಂದ. ಅವರು ನಿಮ್ಮನ್ನು ಏನಂತ ಕರೀತಿದ್ರು ಹೇಳಿ, ನಿಮಗೊಬ್ಬರಿಗೇ ಅಂತ ಮಾಡಿಕೊಡ್ತೀನಿ ಎಂದ. ಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅಮ್ಮ ನನ್ನತ್ತ ನೋಡಲಿಲ್ಲ. ಹೊಸ ಮದುವಣಗಿತ್ತಿಯ ಹಾಗೆ ಸೆರಗು ಸರಿಮಾಡಿಕೊಂಡಳು.

“‘ಇಲ್ಲೇ ಇದೀಯೇನೇ?’ ಅಂತಿದ್ರು. ಮೆತ್ತಗೆ.”

ಅವನ ಟೀ ಮುಗಿಯುವುದರೊಳಗೆ ಅದು ಅಮ್ಮನ ವಾಟ್ಸಾಪಿಗೆ ಬಂತು. ಮಾತು ಅದೇ, ಮೆತ್ತಗೂ ಇತ್ತು. ಆದರೆ ಕೊನೆಯಲ್ಲಿ ಮೈಕಿನ ಎಳೆತ. ಮನೆಯೊಳಗೆ ನಿಂತು ಮತ ಕೇಳಿದಂತೆ ಕೇಳಿಸಿ ನನಗೆ ಭಯವಾಯಿತು. ಅಮ್ಮ ಫೋನನ್ನು ಕಿವಿಗೊತ್ತಿ ಕೇಳಿದಳು. ಮತ್ತೆ ಕೇಳಿದಳು. ಅವಳ ಮುಖ ನೋಡಿ, ಸಮಾಧಾನವಾದರೆ ಆಗಲಿ ಎಂದು ನಾನು ಸುಮ್ಮನೆ ಉಳವಿಗೆ ಹಿಂತಿರುಗಿದೆ.

ಮತದಾನ ಮುಗಿಯಿತು. ಅಭ್ಯರ್ಥಿ ಠೇವಣಿಯನ್ನೂ ಕಳೆದುಕೊಂಡು ಫೇಸ್‌ಬುಕ್ಕಿನಿಂದಲೂ ಮಾಯವಾದ. ಅಪ್ಪನ ಕರೆಗಳೂ ನಿಂತವು. ಪೀಡೆ ತೊಲಗಿತು ಎಂದುಕೊಂಡು ಅಮ್ಮನನ್ನು ನೋಡಲು ಹೋದೆ. ಅವಳು ಸೊರಗಿದ್ದಳು. ನಿದ್ದೆ ಮಾಡುತ್ತಿಲ್ಲವೇ ಎಂದೆ.

“ಅದನ್ನ ಆವತ್ತೇ ಅಳಿಸಿಬಿಟ್ಟೆ,” ಎಂದಳು. “ಆದ್ರೆ ಕಣ್ಮುಚ್ಚಿದ್ರೆ ಅದೇ ಬರ್ತೈತಿ. ಅವರು ಖುದ್ದು ಕರೀತಿದ್ದ ದನಿ ಎಲ್ಲಿ ಹೋತೋ, ಎಷ್ಟು ಹುಡುಕಿದ್ರೂ ಸಿಗವಲ್ದು. ನೀನೂ ದಿನಾ ಕೇಳಿದಾಕಿ ಅಲ್ಲೇನು? ಒಂದ್ಸಲ ಅಂದು ತೋರಿಸು.”

ನೆನಪಿದೆ ಎಂದೇ ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದೂ ಆ ಫೋನಿನ ದನಿಯೇ. ಅಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.