ಗಂಟಲು ಕಟ್ಟಿದ ಮೂರು ವಾರ

ಬನಹಟ್ಟಿಯಲ್ಲಿ ನಾನು ಕಲಿಸುವ ಶಾಲೆಯ ಎರಡೂ ಬದಿಗೆ ವಿದ್ಯುತ್ ಮಗ್ಗಗಳ ಶೆಡ್ಡುಗಳಿವೆ. ಪ್ರಾರ್ಥನೆಯ ಗಂಟೆಗೂ ಮೊದಲೇ ಶುರುವಾಗುವ ಅವುಗಳ ಖಟಖಟ ಸದ್ದು ಕರೆಂಟು ಹೋದಾಗ ಮಾತ್ರ ನಿಲ್ಲುತ್ತದೆ. ಹನ್ನೆರಡು ವರ್ಷ ಆ ಸದ್ದನ್ನು ಮೀರಿಸಿ ಕೂಗಿಯೇ ಪಾಠ ಮಾಡಿದ್ದೆ. ದೀಪಾವಳಿ ಸೂಟಿ ಮುಗಿಸಿ ಬಂದ ವಾರ ಬಾಯಿ ತೆರೆದರೆ ಬರೀ ಗಾಳಿ ಹೊರಟಿತು.

ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, ಗಂಟಲೊಳಗೆ ಸಣ್ಣ ಗಂಟುಗಳಾಗಿವೆ ಎಂದರು. "ಮೂರು ವಾರ ಒಂದ ಮಾತೂ ಆಡಬಾರದ್ರಿ. ಪಿಸುಪಿಸು ಅನ್ನೂದಂತೂ ಬ್ಯಾಡೇ ಬ್ಯಾಡ, ಅದರಿಂದ ಇನ್ನೂ ಕೆಡತೈತಿ."

ಮರುದಿನ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಹೆಡ್ ಮಾಸ್ತರರ ಮುಂದಿಟ್ಟೆ. ಅವರು ಓದಿ, "ಮೂರು ವಾರ ರಜಾ ಹಾಕಿ ಮನ್ಯಾಗ ಕೂಡ್ರಿ" ಎಂದರು. ರಜೆ ಹಾಕಿದರೆ ನನ್ನ ನಾಲ್ಕನೇ ಇಯತ್ತೆಯನ್ನು ಐದನೆಯದರ ಜೊತೆ ಕೂಡಿಸಿ ಒಂದೇ ಕೋಣೆಯಲ್ಲಿ ತುಂಬುತ್ತಾರೆ, ಗದ್ದಲದಲ್ಲಿ ಯಾರಿಗೂ ಏನೂ ದಕ್ಕುವುದಿಲ್ಲ. ಬೇಡವೆಂದು ತಲೆಯಾಡಿಸಿದೆ.

"ಬಾಯಿ ಇಲ್ದ ಹೆಂಗ ಕಲಸ್ತೀರಿ?"

'ಬೋರ್ಡು ಇದೆ. ಒಂದು ವಾರ ಕೊಡಿ' ಎಂದು ಬರೆದು ತೋರಿಸಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಆತು, ಒಂದ ವಾರ ನೋಡೂಣು" ಎಂದರು.

ತರಗತಿಗೆ ಹೋಗಿ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: 'ನನ್ನ ಗಂಟಲು ಕಟ್ಟಿದೆ. ಮೂರು ವಾರ ನಾನು ಮಾತನಾಡುವುದಿಲ್ಲ. ನಾನು ಬರೆದದ್ದನ್ನು ನೀವು ಓದಬೇಕು.' ಓದಿ ಎಂದು ಕೈಸನ್ನೆ ಮಾಡಿದೆ. ಎಲ್ಲರೂ ಮುಂದಿನ ಸಾಲಿನ ಒಬ್ಬ ಹುಡುಗಿಯ ಕಡೆ ತಿರುಗಿದರು. ಮಗ್ಗದ ಸದ್ದಿಗೂ ಬಗ್ಗದ ದನಿ ಅವಳದು. ಪ್ರತಿದಿನ ನಾನು ಒಂದು ಸಾಲು ಓದಿದರೆ ಮೊದಲು ಅವಳು ಹೇಳುತ್ತಿದ್ದಳು, ಅವಳ ಹಿಂದೆ ಉಳಿದವರು. ಮೇಲಧಿಕಾರಿಗಳು ಬಂದಾಗ ನಾನು ಎಬ್ಬಿಸಿ ನಿಲ್ಲಿಸುತ್ತಿದ್ದದ್ದು ಅವಳನ್ನೇ.

ಅವಳು ಎದ್ದು ನಿಂತು, ಕೈ ಕಟ್ಟಿ, ಬೋರ್ಡನ್ನೇ ದಿಟ್ಟಿಸುತ್ತ ಗಡಗಡನೆ ಶುರುಮಾಡಿದಳು. ಅದು ಸೂಟಿಗೆ ಮುಂಚೆ ಮಾಡಿದ್ದ ಇರುವೆಯ ಪಾಠ. ಒಂದು ಪದವೂ ತಪ್ಪಲಿಲ್ಲ. ಬೋರ್ಡಿನ ಮೇಲೆ ಇರುವೆಯ ಸುದ್ದಿಯೇ ಇರಲಿಲ್ಲ.

ಓದಲು ಬರುತ್ತಿದ್ದ ಒಂದಿಬ್ಬರು ಕಿಸಕ್ಕನೆ ನಕ್ಕರು. ಅವಳು ನಡುವೆಯೇ ನಿಲ್ಲಿಸಿ ನನ್ನನ್ನು ನೋಡಿದಳು. ಕೆನ್ನೆ ಕೆಂಪಾಗಿ ಕುಳಿತುಬಿಟ್ಟಳು. ಇವರು ಮೂರನೇ ಇಯತ್ತೆಗೆ ಬಂದಾಗಿನಿಂದ, ಒಂದೂವರೆ ವರ್ಷ, ಈ ಹುಡುಗಿ ಚೆನ್ನಾಗಿ ಓದುತ್ತಾಳೆ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಮಧ್ಯಾಹ್ನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಪುಸ್ತಕದಲ್ಲಿಲ್ಲದ ಎರಡು ಸಾಲು ಬರೆದುಕೊಟ್ಟು ಓದಿಸಿದೆ. ಮೂವತ್ತೆರಡು ಮಕ್ಕಳಲ್ಲಿ ಸರಿಯಾಗಿ ಓದಿದವರು ಹನ್ನೊಂದು. ಉಳಿದವರಿಗೆ ಕಿವಿ ಚುರುಕಾಗಿತ್ತು, ಅಷ್ಟೇ. ನಾನು ಹೇಳಿದೆ, ಅವರು ಹೇಳಿದರು. ಅದನ್ನೇ ಓದು ಎಂದು ನಂಬಿದ್ದೆ. ಸಂಜೆ ಬಸ್ಸಿನಲ್ಲಿ ಕುಳಿತು ಓದಲು ಬಾರದ ಇಪ್ಪತ್ತೊಂದು ಮಕ್ಕಳ ಹೆಸರು ಬರೆದುಕೊಂಡೆ. ನಾನಿರುವ ಜಮಖಂಡಿ ಮುಟ್ಟುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದೆ. ಮಾರ್ಚ್‌ವರೆಗೂ ಸಮಯವಿದೆ, ಇವರಿಗೆ ಓದಲು ಕಲಿಸಿಯೇ ಮುಂದಿನ ಇಯತ್ತೆಗೆ ಕಳಿಸಬೇಕು.

ಮರುದಿನದಿಂದ ಉದ್ದ ವಾಕ್ಯ ಬಿಟ್ಟೆ. 'ಕಿಟಕಿ ಮುಚ್ಚು' ಎಂದು ಬರೆದು ಸುಮ್ಮನೆ ಕಾಯುತ್ತ ನಿಂತೆ. ಬಹಳ ಹೊತ್ತಿನ ಮೇಲೆ ಕೊನೆಯ ಸಾಲಿನ ಒಬ್ಬಳು ಎದ್ದು ಹೋಗಿ ಕಿಟಕಿ ಮುಚ್ಚಿದಳು. ಚಪ್ಪಾಳೆ ತಟ್ಟಿದೆ. 'ನೀರು ಕುಡಿ', 'ಗೆಳತಿಯ ಹೆಸರು ಬರೆ'. ಓದಿದವರು ಮಾಡಿದರು, ಮಾಡಿದವರನ್ನು ನೋಡಿ ಉಳಿದವರು ಬೋರ್ಡಿಗೆ ಕಣ್ಣು ನೆಟ್ಟರು. ಮುಂದಿನ ಸಾಲಿನ ಹುಡುಗಿಯ ಜಾಗ ಮಾತ್ರ ಖಾಲಿಯಿತ್ತು. ಮೂರನೆಯ ದಿನವೂ ಅವಳು ಬಾರದಿದ್ದಾಗ ಶಾಲೆ ಬಿಟ್ಟ ಮೇಲೆ ಪಾಟಿ ಬಳಪ ಹಿಡಿದು ಅವಳ ಮನೆ ಹುಡುಕಿಕೊಂಡು ಹೋದೆ.

ಅವಳ ತಾಯಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ನನ್ನನ್ನು ನೋಡಿ ರಾಟೆ ನಿಲ್ಲಿಸಿ ಎದ್ದಳು. "ಬರ್ರಿ ಅಕ್ಕೋರ. ಹೊಟ್ಟಿನೋವು ಅಂತ ಮಕ್ಕೊಂಡಾಳ್ರಿ." ಒಳಗಿನ ಬಾಗಿಲ ಸಂದಿಯಿಂದ ಹುಡುಗಿ ಇಣುಕಿದಳು. ನಾನು ಗಂಟಲು ಮುಟ್ಟಿ ತೋರಿಸಿ, ಪಾಟಿಯ ಮೇಲೆ ಬರೆದು ತಾಯಿಯ ಕೈಗೆ ಕೊಟ್ಟೆ. ಅವಳು ನಕ್ಕು ಹಿಂದಕ್ಕೆ ಕೊಟ್ಟಳು. "ನನಗೆಲ್ಲಿ ಓದಾಕ ಬರತೈತ್ರಿ? ಬಾ ಬೇ, ಅಕ್ಕೋರು ಏನ ಬರದಾರ ಓದಿ ಹೇಳು."

ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಳು. ನಾನು ಬರೆದದ್ದನ್ನು ಅಂಗೈಯಿಂದ ಅಳಿಸಿದೆ. ಅವಳು ಮನೆಯಲ್ಲಿ ಆಡುವ ಮಾತಿನಂತೆಯೇ ಮೂರೇ ಪದ ಬರೆದೆ: 'ನಾಳಿ ಸಾಲಿಗಿ ಬಾ.'

"ನಾ... ಳಿ..." ಎಂದಳು. ಒಮ್ಮೆಲೇ ಮುಖ ಅರಳಿಸಿ, "ನಾಳಿ ಸೂಟಿ!"

ನಾನು ಸದ್ದಿಲ್ಲದೆ ನಕ್ಕೆ. ಅವಳ ಬೆರಳು ಹಿಡಿದು ಎರಡನೆಯ ಪದದ ಮೊದಲ ಅಕ್ಷರದ ಮೇಲಿಟ್ಟೆ. ಹೊರಗೆ ಮಗ್ಗ ಬಡಿಯುತ್ತಿತ್ತು. "ಸಾ... ಲಿ... ಗಿ..." ಅವಳು ನಿಂತಳು. "ಸಾಲಿಗಿ! ನಾಳಿ ಸಾಲಿಗಿ ಬಾ ಅಂತ ಬರದಾರವ್ವ!"

ತಾಯಿಯ ಮುಖದಲ್ಲಿ ನಗು ಇರಲಿಲ್ಲ. "ಅಕ್ಕೋರ, ದಿನಾ ಸಂಜಿಕೆ ಪುಸ್ತಕ ಹಿಡದು ಗಡಗಡ ಓದತಿದ್ಲರಿ. ಖರೇನ ಓದ್ತಾಳ ಅಂತ ನಾ ತಿಳದಿದ್ದೆ."

ಪಾಟಿಯಲ್ಲಿ 'ನಾನೂ' ಎಂದು ಬರೆದೆ. ಹುಡುಗಿ ಅದನ್ನೂ ಓದಿ ಹೇಳಿದಳು. ತಾಯಿ ಚಹಾ ಇಡಲು ಒಳಗೆ ಹೋದಳು.

ಮರುದಿನ ಹುಡುಗಿ ಬಂದಳು. ಅಂದಿನಿಂದ ಬೋರ್ಡಿನ ಎಡಗಡೆ ಓಣಿಯ ಮಾತು, ಬಲಗಡೆ ಪುಸ್ತಕದ ಮಾತು ಬರೆಯತೊಡಗಿದೆ: ಸಾಲಿ, ಶಾಲೆ, ಮನಿ, ಮನೆ. ಮಕ್ಕಳು ತಾವು ನಿನ್ನೆ ಕಂಡದ್ದನ್ನು ಎದ್ದು ನಿಂತು ಹೇಳಬೇಕು, ಹೇಳಿದ್ದನ್ನು ಹಾಗೆಯೇ ಬರೆಯಬೇಕು, ಬರೆದದ್ದನ್ನು ಪಕ್ಕದವರು ಓದಬೇಕು. ವಾರದ ಕೊನೆಗೆ ಬಾಗಿಲಲ್ಲಿ ಬಂದು ನಿಂತ ಹೆಡ್ ಮಾಸ್ತರರು ಎಡಗಡೆಯ ಪದಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರಿ ಇದು, ಸಾಲಿ ಅಂತ ಬರದೀರಲ್ಲ? ಯಾರರ ಬಂದು ನೋಡಿದ್ರ?"

ನಾನು ಉತ್ತರ ಬರೆಯುವ ಮೊದಲೇ ಆ ಹುಡುಗಿ ಎದ್ದಳು. "ಸರ್, ಆಡೂದು ಆ ಕಡೆ ಐತ್ರಿ, ಪುಸ್ತಕದ್ದು ಈ ಕಡೆ ಐತ್ರಿ. ಎರಡೂ ಓದ್ಲೇನ್ರಿ?" ತಡವರಿಸುತ್ತ, ಒಂದೊಂದು ಅಕ್ಷರಕ್ಕೂ ಬೆರಳು ನೀಡುತ್ತ ಕೆಳಗಿನವರೆಗೆ ಓದಿದಳು. ಅವರು ಪೂರ್ತಿ ಕೇಳಿಸಿಕೊಂಡು, "ನಡೀಲಿ" ಎಂದು ಹೋದರು.

ಮೂರು ವಾರದ ಮೇಲೆ ಡಾಕ್ಟರು ಮಾತಿಗೆ ಅಪ್ಪಣೆ ಕೊಟ್ಟರು, ಆದರೆ ಕೂಗಬಾರದೆಂದರು. ಮರಳಿದ ದನಿ ಒರಟಾಗಿತ್ತು. ಈಗಲೂ ಹಾಗೆಯೇ ಇದೆ. ಸಾಲು ಸಾಲು ಓದಿ ಹೇಳಿಸುವುದನ್ನು ಮತ್ತೆ ಶುರುಮಾಡಲಿಲ್ಲ. ಮಾರ್ಚ್ ಹೊತ್ತಿಗೆ ಎಲ್ಲರೂ ಓದಿದರು ಎಂದರೆ ಸುಳ್ಳಾಗುತ್ತದೆ. ಆರು ಮಕ್ಕಳು ಒತ್ತಕ್ಷರಕ್ಕೆ ಬಂದರೆ ನಿಂತುಬಿಡುತ್ತಿದ್ದರು. ಅವರನ್ನು ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗುವುದು ರೂಢಿಯಾಯಿತು. ಜೂನ್‌ನಲ್ಲಿ ಅವರು ಐದನೆಯದಕ್ಕೆ ಹೋದ ಮೇಲೂ ಆ ಅರ್ಧ ಗಂಟೆ ಬಿಡಲಿಲ್ಲ.

ಆ ಮಾರ್ಚ್‌ನಲ್ಲೇ ಪಾಲಕರ ಸಭೆಗೆ ಬಂದಿದ್ದ ಆ ಹುಡುಗಿಯ ತಾಯಿ ಎಲ್ಲರೂ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದಳು. "ಮೊದಲಿನಂಗ ಗಡಗಡ ಅನ್ನವಲ್ಲಳ್ರಿ ಅಕ್ಕೋರ. ನಿಂತು ನಿಂತು ಹೇಳ್ತಾಳ."

"ಈಗ ಓದಾಕತ್ತಾಳ ಅಕ್ಕಾ, ಅದಕ್ಕ ನಿಂದರತಾಳ. ನಿಮ್ಮ ಮನ್ಯಾಗ ಏನರ ಕಾಗದ ಬಂದ್ರ ಆಕಿ ಕೈಯಾಗ ಕೊಟ್ಟು ನೋಡ್ರಿ."

"ಕರೆಂಟ್ ಬಿಲ್ ಬಂದೈತ್ರಿ" ಎಂದಳು. ಸೆರಗಿನ ಗಂಟಿನಿಂದ ಅದನ್ನು ಬಿಚ್ಚಿ, ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕೂಗಿ ಕರೆದಳು.