ಭುವನೇಶ್ವರಿಯ ಮೂರು ಬೋರ್ಡುಗಳು

“ಒಂದ್ ತಿಂಗ್ಳು ಟೈಮ್ ಕೊಡ್ರಿ ಮೇಷ್ಟ್ರೆ” ಎಂದು ಭುವನೇಶ್ವರಿ ಹೇಳಿದ್ದೇನೋ ನಿಜ. ಹಾಗೆ ಹೇಳಿದ ತನ್ನ ಬಾಯಿಯನ್ನು ಆಮೇಲೆ ಹದಿನಾಲ್ಕು ತಿಂಗಳು ಬೈದುಕೊಂಡಳು.

ರಾಯದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯದು ಇಪ್ಪತ್ತು ವರ್ಷದ ರಿಪೇರಿ ಅಂಗಡಿ. ಸ್ಟೆಬಿಲೈಜರ್, ಇನ್ವರ್ಟರ್, ಭಜನೆ ಮಂಡಳಿಯ ಆಂಪ್ಲಿಫೈಯರ್, ಸುಟ್ಟದ್ದೆಲ್ಲ ಅಲ್ಲಿಗೇ ಬರುತ್ತಿತ್ತು. ನಿವೃತ್ತ ಮೇಷ್ಟ್ರು ರೇವಣಸಿದ್ದಯ್ಯನವರು ತಂದದ್ದು ತಮ್ಮ ಹಳೆಯ ಕಾರಿನ ಇಂಜಿನ್ ಕಂಟ್ರೋಲರ್. ಎಷ್ಟು ಪೆಟ್ರೋಲು ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಂದು ತೀರ್ಮಾನಿಸುವ ಅಂಗೈಯಗಲದ ಪೆಟ್ಟಿಗೆ. ಅದರೊಳಗೆ ಇಲಿ ಉಚ್ಚೆ ಹೊಯ್ದು ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿ ತಿಂದುಹೋಗಿದ್ದವು. ಹೊಸದು ಎಲ್ಲೂ ಸಿಗಲಿಲ್ಲ. ಮೆಕ್ಯಾನಿಕ್ಕು ಕಾರನ್ನೇ ಗುಜರಿಗೆ ಹಾಕಿ ಎಂದಿದ್ದ. ಆ ಮಾತು ಕೇಳಿ ಭುವನೇಶ್ವರಿಗೆ ರೇಗಿತು. ಇಂಥ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಂಡವರನ್ನು ಇಂಟರ್‌ನೆಟ್ಟಿನಲ್ಲಿ ನೋಡಿದ್ದಳು. ಪ್ರೋಗ್ರಾಮು ಪುಕ್ಕಟೆ ಸಿಗುತ್ತಿತ್ತು, ಪುಟ್ಟ ಪ್ರೊಸೆಸರ್ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಕೂರಿಸುವ ಸರ್ಕ್ಯೂಟ್ ಬೋರ್ಡೊಂದರ ನಕ್ಷೆಯನ್ನು ತಾನು ಬಿಡಿಸಿದರಾಯಿತಲ್ಲ?

ಬೋರ್ಡು ರಿಪೇರಿ ಮಾಡುವುದು ಬೇರೆ, ಬೋರ್ಡು ಬಿಡಿಸುವುದು ಬೇರೆ ಎಂಬುದು ಮೊದಲ ದಿನವೇ ತಿಳಿಯಿತು. ಕಂಪ್ಯೂಟರಿನಲ್ಲಿ ಎಳೆದ ನಕ್ಷೆಯನ್ನು ಪರೀಕ್ಷೆಗೆ ಕೊಟ್ಟರೆ ನೂರ ಹನ್ನೆರಡು ತಪ್ಪು ತೋರಿಸಿತು. ಒಂದು ತಿದ್ದಿದರೆ ಮತ್ತೆರಡು ಹುಟ್ಟುತ್ತಿದ್ದವು. ಪ್ರತಿದಿನ ಹನ್ನೊಂದಕ್ಕೆ ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

“ಆತೇನ್ರಿ?”

“ಆದ್ರ ನಾನs ಹೇಳ್ತೀನ್ರಿ.”

“ಈ ಗೆರಿ ಯಾಕ ಸೊಟ್ಟ ಹೋಗೈತಿ?”

ಮೂರು ತಿಂಗಳಿಗೆ, ನಕ್ಷೆ ಕಳಿಸಿ ಮಾಡಿಸಿದ ಮೊದಲ ಬೋರ್ಡು ಅಂಚೆಯಲ್ಲಿ ಬಂತು. ಭಾಗಗಳನ್ನೆಲ್ಲ ಬೆಸೆದು ಕಾರಿಗೆ ಸಿಕ್ಕಿಸಿ ಕೀಲಿ ತಿರುಗಿಸಿದಳು. ಟಪ್ ಎಂದು ಫ್ಯೂಸು ಹಾರಿತು, ಪ್ರೊಸೆಸರಿನಿಂದ ಸಣ್ಣಗೆ ಹೊಗೆ ಎದ್ದಿತು. ನಾಲ್ಕು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬೋರ್ಡು ಸಿಕ್ಕಿಸುವ ಕಾರಿನ ಕನೆಕ್ಟರನ್ನು ಆಕೆ ತಂತಿ ಬರುವ ಬದಿಯಿಂದ ನೋಡಿ ಬಿಡಿಸಿದ್ದಳು. ಬೋರ್ಡಿಗೆ ಬೇಕಾಗಿದ್ದದ್ದು ಎದುರಿನ ಬದಿ. ಎಡದ್ದೆಲ್ಲ ಬಲಕ್ಕೆ ಬಂದಿತ್ತು. ಸಿಟ್ಟಿನಲ್ಲಿ ಅದನ್ನು ಕನ್ನಡಿಗೆ ಹಿಡಿದಳು. ಕನ್ನಡಿಯೊಳಗೆ ಎಲ್ಲ ಸರಿಯಾಗಿತ್ತು.

“ಆ ಕಾರನ್ನs ಬದಲಾಯಿಸಾಕ ಹೇಳು” ಎಂದ ಬಸ್ ಡ್ರೈವರಾಗಿದ್ದ ಗಂಡ ರವಿಶಂಕರ.

“ಊಟ ಮಾಡಿ ಸುಮ್ನ ಡ್ಯೂಟಿಗೆ ಹೋಗ್ರಿ.”

ಎರಡನೆಯ ಬೋರ್ಡು ಹಾಕಿದಾಗ ಇಂಜಿನ್ ಶುರುವಾಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆಕ್ಸಿಲರೇಟರ್ ಒತ್ತಿದೊಡನೆ ಕೆಮ್ಮಿ ನಿಂತುಹೋಯಿತು. ಭುವನೇಶ್ವರಿ ಸೆನ್ಸರ್ ಬದಲಿಸಿದಳು, ತಂತಿ ಬದಲಿಸಿದಳು, ಪ್ಲಗ್ ಬದಲಿಸಿದಳು. ಮೇಷ್ಟ್ರು ಬಾನೆಟ್ಟಿಗೆ ನಿಂಬೆಹಣ್ಣು ಕಟ್ಟಿಸಿಕೊಂಡು ಬಂದರು. ಅದನ್ನು ಕಂಡು ಆಕೆ ಒಳಗೆ ಹೋಗಿ ಎರಡು ಲೋಟ ನೀರು ಕುಡಿದಳು.

ಕೊನೆಗೆ ತಾನು ಓದಿದ ಪಾಲಿಟೆಕ್ನಿಕ್ಕಿನಿಂದ, ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಡಿ ತಂದಳು. ಪರದೆಯ ಮೇಲೆ ಎಲ್ಲ ಸ್ಪಷ್ಟವಾಗಿತ್ತು. ಇಂಜಿನ್ ಎಷ್ಟು ತಿರುಗಿತೆಂದು ಹೇಳುವ ಸೆನ್ಸರಿನ ಗೆರೆ, ಕಿಡಿ ಹಾರಿದಾಗಲೆಲ್ಲ ಬೆಚ್ಚಿಬೀಳುತ್ತಿತ್ತು. ಬೋರ್ಡಿನ ಮೇಲೆ ಸೆನ್ಸರಿನ ಮತ್ತು ಕಿಡಿಯ ತಾಮ್ರದ ಗೆರೆಗಳನ್ನು ನಾಲ್ಕು ಬೆರಳುದ್ದ ಒತ್ತೊತ್ತಾಗಿ ಎಳೆದಿದ್ದವಳು ತಾನೇ. ಬೈಯಲು ಬೇರೆ ಯಾರೂ ಇಲ್ಲದ್ದು ಆಕೆಯನ್ನು ಇನ್ನಷ್ಟು ರೇಗಿಸಿತು.

ಮೂರನೆಯ ಸಲ ಒಂದು ವಾರ ಕಂಪ್ಯೂಟರ್ ಮುಟ್ಟಲಿಲ್ಲ. ಕಾಗದದ ಮೇಲೆ ಬರೆದಳು. ಕಿಡಿಯ ಭಾಗ ಒಂದು ಮೂಲೆಗೆ, ಸೆನ್ಸರಿನದು ಇನ್ನೊಂದು ಮೂಲೆಗೆ, ನಡುವೆ ಗೋಡೆಯ ಹಾಗೆ ಗ್ರೌಂಡಿನ ತಾಮ್ರದ ಪಟ್ಟಿ.

ಆ ಬೋರ್ಡು ಹಾಕಿದ ದಿನ ಕಾರು ಗುಮ್ಮಘಟ್ಟದವರೆಗೆ ಒಮ್ಮೆಯೂ ಕೆಮ್ಮದೆ ಓಡಿತು. ಭುವನೇಶ್ವರಿ ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಊರ ಹೊರಗೆ ಕುರಿಮಂದೆ ಅಡ್ಡ ಬಂದು ಕಾರು ನಿಂತಾಗ ಮೇಷ್ಟ್ರು ಎಸಿ ಹಾಕಿದರು.

“ಎಸಿ ಹಾಕಿದ್ರ ಇಂಜಿನ್ ಸ್ವಲ್ಪ ಅದರತೈತಲ್ರಿ?”

ಆಕೆ ಅವರ ಮುಖ ನೋಡಿದಳು. ಹದಿನಾಲ್ಕು ತಿಂಗಳ ಉತ್ತರ ಬಾಯಿಗೆ ಬಂತು. ಆದರೆ ಇಂಜಿನ್ ನಿಜವಾಗಿಯೂ ಅದುರುತ್ತಿತ್ತು.

“ಬದಿಗೆ ಹಾಕ್ರಿ” ಎಂದು ಹಲ್ಲು ಕಚ್ಚಿ ಹೇಳಿ, ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ಬೋರ್ಡಿಗೆ ಜೋಡಿಸಿ ಪ್ರೋಗ್ರಾಮಿನ ಅಂಕಿಗಳನ್ನು ತಿದ್ದಿದಳು. ಹತ್ತು ನಿಮಿಷದಲ್ಲಿ ಅದುರುವುದು ನಿಂತಿತು. ಮೇಷ್ಟ್ರು ಸೀಟನ್ನು ಹಿಂದಕ್ಕೆ ಒರಗಿಸಿ ತಣ್ಣನೆಯ ಗಾಳಿಗೆ ಕಣ್ಣು ಮುಚ್ಚಿದರು.